ಬ್ಯಾಟರಿಗೆ ಮೂರು ದಿನದ ಉಪವಾಸ

ನಮ್ಮ ತಾಶ್-ಬುಲಾಕ್ ಹುಲ್ಲುಗಾವಲಿನಲ್ಲಿ ಒಬ್ಬ ಮನುಷ್ಯನಿಗೆ ಏನು ಬೇಕಾದರೂ ಅನ್ನಬಹುದು. ನಿನ್ನ ಕುರಿ ಬಡಕಲು ಅನ್ನಬಹುದು, ನಿನ್ನ ಗುಡಾರ ವಾಲಿದೆ ಅನ್ನಬಹುದು, ನಿನ್ನ ಭಾವಮೈದುನ ಕುಡುಕ ಅಂದರೂ ನಡೆಯುತ್ತದೆ. ಆದರೆ ಎಸೆನ್‌ಕುಲ್‌ಗೆ ಮಾತ್ರ 'ಕರೆಂಟಿನ ವಿಷಯ ನಿನಗೇನು ಗೊತ್ತು' ಅನ್ನುವ ಹಾಗಿರಲಿಲ್ಲ. ಹಾಗೆ ಅಂದವರ ಎದುರು ಅವನು ತಲೆಯ ಮೇಲಿನ ಬಿಳಿ ಟೋಪಿಯನ್ನು ಸರಿಮಾಡಿಕೊಂಡು, "ನಾನು ಸೋವಿಯತ್ ಸೇನೆಯಲ್ಲಿ ಎರಡು ವರ್ಷ ಸಿಗ್ನಲ್ ದಳದಲ್ಲಿದ್ದವನು" ಎನ್ನುತ್ತಿದ್ದ. ಆ ದೇಶವೇ ಮುಳುಗಿ ಮೂವತ್ತು ವರ್ಷ ದಾಟಿತ್ತು. ಇವನ ಸಿಗ್ನಲ್ ಮಾತ್ರ ಇನ್ನೂ ಬರುತ್ತಲೇ ಇತ್ತು.

ನಾನು ಅವನ ನೆರೆಯವನು. ತೊರೆಯ ಈಚೆ ನನ್ನ ಗುಡಾರ, ಆಚೆ ಅವನದು. ಮೂವತ್ತು ವರ್ಷ ಕೆಳಗಿನ ಹಳ್ಳಿಯ ಮಕ್ಕಳಿಗೆ ಭೂಗೋಳ ಹೇಳಿಕೊಟ್ಟು ನಿವೃತ್ತನಾದೆ. ಹಾಗಾಗಿ ಎಲ್ಲರೂ ನನ್ನನ್ನು 'ಮೇಷ್ಟ್ರೇ' ಎಂದು ಗೌರವದಿಂದ ಕರೆಯುತ್ತಾರೆ, ಆಮೇಲೆ ನನ್ನ ಮಾತನ್ನು ಯಾರೂ ಕೇಳುವುದಿಲ್ಲ.

ಎಸೆನ್‌ಕುಲ್‌ನ ಹೆಂಡತಿ ಕಾಲಿಚಾ. ಹದಿನಾಲ್ಕು ಹಸು ಕರೆಯುತ್ತಾಳೆ. ಕರೆದ ಹಾಲನ್ನು ಕೆನೆ ತೆಗೆಯುವ ಯಂತ್ರಕ್ಕೆ ಸುರಿದು, ಬೆಳಿಗ್ಗೆ ಒಂದು ಗಂಟೆ ಸಂಜೆ ಒಂದು ಗಂಟೆ ಅದರ ಹಿಡಿ ತಿರುಗಿಸಬೇಕು. ನಿಧಾನ ಮಾಡಿದರೆ ಕೆನೆ ಬೇರೆಯಾಗುವುದಿಲ್ಲ, ನಿಲ್ಲಿಸಿದರೆ ಹಾಲು ಉಕ್ಕಿ ಚೆಲ್ಲುತ್ತದೆ. ಮೂವತ್ತಾರು ಬೇಸಿಗೆ ಹಾಗೆ ತಿರುಗಿಸಿದ ಮೇಲೆ ಹೋದ ವರ್ಷ ಅವಳ ಬಲಭುಜ ಮುಷ್ಕರ ಹೂಡಿತು. ತಲೆವಸ್ತ್ರ ಕಟ್ಟಿಕೊಳ್ಳಲೂ ಕೈ ಏಳದೆ ನನ್ನ ಹೆಂಡತಿ ಹೋಗಿ ಕಟ್ಟಿಕೊಟ್ಟು ಬರುತ್ತಿದ್ದಳು.

ಈ ವಸಂತದಲ್ಲಿ ಹಳ್ಳಿಯಿಂದ ಬೇಸಿಗೆಯ ಮೇವಿಗೆಂದು ಮೇಲೆ ಬರುವ ಮೊದಲೇ ಕಾಲಿಚಾ ಗಂಡನಿಗೆ ಹೇಳಿದ್ದಳು: "ನೋಡ್ರೀ, ಕರೆಂಟಿನ ಯಂತ್ರ ತಂದ್ರೆ ನಾನು ಬೆಟ್ಟಕ್ಕೆ ಬರ್ತೀನಿ. ಈ ಬೇಸಿಗೇಲಿ ಮತ್ತೆ ಆ ಹಿಡಿ ಹಿಡಿಯೋ ಹಾಗಾದ್ರೆ ತಂಗಿ ಸೈರಾ ಮನೆಗೆ ಇಳಿದು ಹೋಗ್ತೀನಿ. ಆಮೇಲೆ ಹದಿನಾಲ್ಕು ಹಸು ನೀವೇ ಕರೀರಿ, ನೀವೇ ಕುಡೀರಿ."

ಕಾಲಿಚಾ ಬಾಯಿಮಾತಿಗೆ ಹೇಳುವವಳಲ್ಲ. ಎಸೆನ್‌ಕುಲ್ ಎರಡು ಕುರಿ ಮಾರಿ ಪೇಟೆಗೆ ಹೋದ.

ಅವನು ತಿರುಗಿ ಬಂದ ದಿನ ಇಡೀ ಹುಲ್ಲುಗಾವಲೇ ಅವನ ಗುಡಾರದ ಮುಂದೆ ಸೇರಿತ್ತು. ಕಾರಿನಿಂದ ಮೊದಲು ಕರೆಂಟಿನ ಕೆನೆ ಯಂತ್ರ ಇಳಿಯಿತು, ಆಮೇಲೆ ಒಂದು ಇನ್ವರ್ಟರ್, ಕೊನೆಗೆ ಇಬ್ಬಿಬ್ಬರು ಹೊತ್ತು ತಂದ ಎರಡು ಕರಿಯ ಬ್ಯಾಟರಿಗಳು. ಒಂದೊಂದೂ ಕೊಬ್ಬಿದ ಟಗರಿನ ತೂಕ.

"ಇದು ಕಾರಿನ ಬ್ಯಾಟರಿ ಅಲ್ಲ," ಎಂದು ಎಸೆನ್‌ಕುಲ್ ಒಂದರ ಮೇಲೆ ಕೈಯಿಟ್ಟು ಭಾಷಣ ಶುರು ಮಾಡಿದ. "ಕಾರಿನದು ಮೇಲ್ಮೇಲೆ ಕೊಡುತ್ತೆ. ಇದು ಆಳದವರೆಗೂ ಕೊಡುತ್ತೆ. ಇನ್ನೂರು ಆಂಪಿಯರ್-ಗಂಟೆ!"

"ಹಂಗಂದ್ರೇನಪ್ಪ?" ಎಂದರು ಬೈತುರ್ ಅಜ್ಜ.

"ಹಂಗಂದ್ರೆ... ಇನ್ನೂರು," ಎಂದ ಎಸೆನ್‌ಕುಲ್. ಜನ ತಲೆದೂಗಿದರು.

ಕಾಲಿಚಾ ಮಾತ್ರ ಬ್ಯಾಟರಿಯ ಸುತ್ತ ಒಂದು ಸಲ ನಡೆದು, "ಇದು ಖಾಲಿಯಾದ್ರೆ ತುಂಬೋದು ಯಾವುದರಲ್ಲಿ?" ಎಂದು ಕೇಳಿದಳು.

"ಅಂಗಡಿಯವಳೂ ಅದನ್ನೇ ಕೇಳಿದ್ಲು, ಚಾರ್ಜರ್ ಯಾವ್ದು ಕೊಡ್ಲಿ ಅಂತ. ಬ್ಯಾಟರಿಗೆ ಸರಿಯಾದ್ದು ಬೇಕು, ಬನ್ನಿ ಕೂತ್ಕೊಳ್ಳಿ, ಹೇಳ್ತೀನಿ ಅಂದ್ಲು. ನಾನು ಸಿಗ್ನಲ್ ದಳದವನು ತಾಯಿ ಅಂದೆ. ಸುಮ್ಮನಾದ್ಲು."

"ಸುಮ್ಮನಾದ್ಲೋ, ಸೋತು ಸುಮ್ಮನಾದ್ಲೋ?" ಎಂದಳು ಕಾಲಿಚಾ.

ನಮ್ಮಲ್ಲಿ ಕರೆಂಟು ಬರುವುದು ಹುಲ್ಲುಗಾವಲು ಸಮಿತಿಯ ಒಂದೇ ಒಂದು ಜನರೇಟರಿನಿಂದ. ಎಂಟು ಗುಡಾರ, ಎಂಟು ದಿನದ ಪಾಳಿ. ಕತ್ತೆಗಾಡಿಯ ಮೇಲೆ ಅದು ಮನೆಯಿಂದ ಮನೆಗೆ ಹೋಗುತ್ತದೆ. ಬಂದ ದಿನ ಬೆಳಗಿನಿಂದ ಸಂಜೆಯವರೆಗೆ ಏನು ತುಂಬಿಸಿಕೊಂಡೆಯೋ ಅಷ್ಟೇ, ಮತ್ತೆ ಎಂಟು ದಿನ ಅದರಲ್ಲೇ ಬದುಕಬೇಕು. ಎಸೆನ್‌ಕುಲ್‌ಗೆ ಬ್ಯಾಟರಿಗಳು ಅಂಗಡಿಯಿಂದ ತುಂಬಿಯೇ ಬಂದಿದ್ದವು, ಅವನ ಪಾಳಿ ಬರಲು ಐದು ದಿನವಿತ್ತು. ಕೆನೆ ಯಂತ್ರವನ್ನಷ್ಟೇ ನಡೆಸಿದ್ದರೆ ಬ್ಯಾಟರಿ ಬೇಸರಪಟ್ಟುಕೊಳ್ಳುವಷ್ಟು ಚಾರ್ಜು ಮಿಗುತ್ತಿತ್ತು.

ಆದರೆ ಹೊಸ ಬ್ಯಾಟರಿ ಮನೆಗೆ ಬಂದಿರುವಾಗ ಸುಮ್ಮನಿರಲು ಸಿಗ್ನಲ್ ದಳದವನಿಗೆ ಸಾಧ್ಯವೇ? ಗುಡಾರದ ಸುತ್ತ ಬಣ್ಣದ ದೀಪದ ಸರ ಹತ್ತಿತು. ಟಿವಿಯಲ್ಲಿ ಕುಸ್ತಿ ಬಂತು. ಮೂರು ಕಣಿವೆಯ ಮೊಬೈಲುಗಳು ಅವನ ಕಂಬಳಿಯ ಮೇಲೆ ಸಾಲಾಗಿ ಮಲಗಿದವು. ಬಂದವರಿಗೆಲ್ಲ ಕರೆಂಟಿನ ಕೆಟಲಿನಲ್ಲಿ ಚಹಾ. ಪಕ್ಕದಲ್ಲೇ ಸಗಣಿ ಒಲೆ ನಿಗಿನಿಗಿ ಉರಿಯುತ್ತಿತ್ತು, ಅದರ ಕಡೆ ಯಾರೂ ನೋಡಲಿಲ್ಲ. ನಾನೂ ಆರು ಬಟ್ಟಲು ಕುಡಿದೆ, ಸುಳ್ಳು ಯಾಕೆ ಹೇಳಲಿ.

ನಾಲ್ಕನೆಯ ದಿನ ಸಂಜೆ ಕೆನೆ ಯಂತ್ರ ಒಂದು ನಿಟ್ಟುಸಿರು ಬಿಟ್ಟು ನಿಂತಿತು. ಬಣ್ಣದ ದೀಪಗಳು ಕೆಂಪಾಗಿ, ಆಮೇಲೆ ಕಪ್ಪಾಗಿ ಹೋದವು. ಅರ್ಧ ಬಕೆಟ್ ಹಾಲು ಯಂತ್ರದಲ್ಲೇ ಉಳಿದಿತ್ತು. ಕಾಲಿಚಾ ಮೂಲೆಯಿಂದ ಹಳೆಯ ಕೈಯಂತ್ರವನ್ನು ಎಳೆದು, ಎಡಗೈಯಿಂದ ಹಿಡಿ ತಿರುಗಿಸತೊಡಗಿದಳು.

ಮರುದಿನ ಬೆಳಿಗ್ಗೆ ಪಾಳಿಯ ಜನರೇಟರ್ ಕತ್ತೆಗಾಡಿಯಲ್ಲಿ ಬಂದು ಬಾಗಿಲಲ್ಲಿ ನಿಂತಿತು. ಎಸೆನ್‌ಕುಲ್‌ನ ಅಳಿಯನ ಕಾರಿನ ಪುಟ್ಟ ಚಾರ್ಜರ್ ಒಂದು ಪೆಟ್ಟಿಗೆಯಲ್ಲಿತ್ತು. ಅದನ್ನು ಒರೆಸಿ ಸಿಕ್ಕಿಸುವಷ್ಟರಲ್ಲಿ ಬೈತುರ್ ಅಜ್ಜ ಬಂದರು.

ಬೈತುರ್ ಅಜ್ಜ ಎಂದರೆ ರೇಸಿನ ಕುದುರೆ ಪಳಗಿಸುವುದರಲ್ಲಿ ನಮ್ಮ ಕಡೆ ಕೊನೆಯ ಮಾತು. ಎಂಬತ್ತೆರಡು ವರ್ಷ. ಅವರು ತಯಾರು ಮಾಡಿದ ಕುದುರೆ ಓಡಿ ಸೋತರೆ ಜನ ಕುದುರೆಯನ್ನು ಬೈಯುತ್ತಾರೆ, ಅವರನ್ನಲ್ಲ. ಅಜ್ಜ ಬಾಗಿ ಬ್ಯಾಟರಿಯ ಪಕ್ಕೆಗೆ ಅಂಗೈ ಇಟ್ಟರು. ಕಿವಿ ಇಟ್ಟು ಆಲಿಸಿದರು.

"ಎಷ್ಟು ದಿನ ಓಡ್ತು?"

"ನಾಲ್ಕು ದಿನ ಅಜ್ಜ. ಒಂದೇ ಸಮನೆ."

"ನಿನ್ನೆ ಸಂಜೆ ನಿಂತ ಕುದುರೆಗೆ ಇವತ್ತು ಬೆಳಿಗ್ಗೆ ಮೇವು ಹಾಕ್ತೀಯಾ?" ಅಜ್ಜ ಸುತ್ತ ನೋಡಿದರು, ಒಬ್ಬ ಕೊಲೆಗಾರನನ್ನು ಹಿಡಿದವರಂತೆ. "ಓಡಿ ಬಳಲಿದ ಪ್ರಾಣಿಗೆ ಒಡನೆ ಮೇವು ನೀರು ಕೊಟ್ರೆ ಏನಾಗುತ್ತೆ, ಹೇಳ್ರೋ?"

"ಕಾಲು ಹಿಡ್ಕೊಳ್ಳುತ್ತೆ!" ಎಂದು ನೆರೆದವರೆಲ್ಲ ಒಟ್ಟಿಗೆ ಹೇಳಿದರು. ನಾನೂ ಹೇಳಿದೆ. ನಮ್ಮಲ್ಲಿ ನಡೆಯಲು ಬರುವ ಮೊದಲೇ ಕಲಿಯುವ ಪಾಠ ಅದು. ಬೆವೆತ ಕುದುರೆಯನ್ನು ತಲೆ ಎತ್ತಿ ಕಟ್ಟಬೇಕು, ಹುಲ್ಲಿಗೆ ಬಾಯಿ ಹಾಕದಂತೆ. ಆರಬೇಕು. ಆಮೇಲೆ ಮೇವು.

"ಸಾಮಾನ್ಯ ಓಟಕ್ಕೆ ಒಂದು ರಾತ್ರಿ," ಎಂದರು ಅಜ್ಜ. "ನಾಲ್ಕು ದಿನದ ಓಟಕ್ಕೆ ಮೂರು ದಿನ ಉಪವಾಸ."

"ಇದು ಡಬ್ಬ ಕಣಜ್ಜ, ಕುದುರೆ ಅಲ್ಲ," ಎಂದಳು ಕಾಲಿಚಾ.

"ಬಲ ಕೊಡೋದೆಲ್ಲಾ ಒಂದೇ ಜಾತಿ ಮಗಳೇ. ತಿನ್ನುತ್ತೆ, ಕೊಡುತ್ತೆ, ಸುಸ್ತಾಗುತ್ತೆ."

ಎಸೆನ್‌ಕುಲ್ ಟೋಪಿ ಸರಿಮಾಡಿಕೊಂಡ. "ಸಿಗ್ನಲ್ ದಳದಲ್ಲೂ ಹಿಂಗೇ ಮಾಡ್ತಿದ್ವಿ," ಎಂದ.

ಜನರೇಟರಿನ ಪಾಳಿಯನ್ನು ನನ್ನ ಗುಡಾರಕ್ಕೆ ಬಿಟ್ಟುಕೊಟ್ಟರು. ನನ್ನ ಪಾಳಿ ಮೂರು ದಿನದ ನಂತರದ್ದು, ಅದನ್ನು ಅವನು ತೆಗೆದುಕೊಳ್ಳುವುದೆಂದಾಯಿತು. ಬ್ಯಾಟರಿಗಳ ಮೇಲೆ ಕಂಬಳಿ ಹೊದಿಸಿದರು. ಅಜ್ಜ ಹೇಳಿದ ಮೇಲೆ ಯಾವುದನ್ನೂ ಅರ್ಧಕ್ಕೆ ಬಿಡುವಂತಿಲ್ಲ ನೋಡಿ, ಆ ಎರಡರ ತಂತಿಗಳನ್ನೂ ಮೇಲೆತ್ತಿ ಗುಡಾರದ ಜಾಲಂದ್ರಕ್ಕೆ ಬಿಗಿಯಾಗಿ ಕಟ್ಟಿದರು. ಕದ್ದು ಮೇಯಬಾರದಲ್ಲ.

ಮುಂದಿನ ಮೂರು ದಿನ ಆ ಗುಡಾರಕ್ಕೆ ಜನ ರೋಗಿ ನೋಡಲು ಬಂದಂತೆ ಬಂದರು. ಬರಿಗೈಲಿ ಬರುವುದು ನಮ್ಮ ರೂಢಿಯಲ್ಲ, ಒಬ್ಬರು ಒಣಮೊಸರಿನ ಕುರುತ್ ಉಂಡೆ ತಂದರು, ಒಬ್ಬರು ಹಿಟ್ಟು ಕರಿದು ಮಾಡಿದ ಬೋರ್ಸೋಕ್ ತಂದರು. ಕಂಬಳಿ ಸರಿಸಿ ಇಣುಕಿ, "ಇವತ್ತು ಹೇಗಿದೆ?" "ನಿನ್ನೆಗಿಂತ ತಣ್ಣಗಿದೆ." "ಹಾಗಾದ್ರೆ ಗುಣವಾಗ್ತಿದೆ." ಬಂದವರಿಗೆ ಚಹಾ ಆಗಲೇಬೇಕು. ಕಾಲಿಚಾ ಚಹಾ ಬಗ್ಗಿಸಿ, ಬಗ್ಗಿಸಿ ಮುಗಿಸಿ, ಹಾಲು ಕೆಡುವ ಮೊದಲು ಓಡಿಹೋಗಿ ಎಡಗೈಯಲ್ಲಿ ಹಿಡಿ ತಿರುಗಿಸುತ್ತಿದ್ದಳು. ರೋಗಿಯನ್ನು ನೋಡಲು ಬಂದವರಲ್ಲಿ ಒಬ್ಬರೂ ಆ ಭುಜದ ಕಡೆ ನೋಡಲಿಲ್ಲ ಎಂದು ಈಗ ನೆನೆದರೆ ನನಗೆ ನಾಚಿಕೆಯಾಗುತ್ತದೆ.

ಮೂರನೆಯ ದಿನ ಉಪವಾಸ ಬಿಡಿಸುವ ಶಾಸ್ತ್ರ. ಎಸೆನ್‌ಕುಲ್ ಬ್ಯಾಟರಿಯ ಬಿರಡೆ ತಿರುಗಿಸಿ ಒಳಗೆ ನೋಡಿದ.

"ನೀರು ಕೆಳಗೆ ಹೋಗಿದೆ."

"ಬಾಯಾರಿಕೆ," ಎಂದರು ಬೈತುರ್ ಅಜ್ಜ. "ಬರೀ ನೀರು ಬೇಡ, ನಿತ್ರಾಣದಲ್ಲಿದೆ. ಒಂದೊಂದು ಸೌಟು ಕುಮಿಸ್ ಹಾಕು. ಕುದುರೆ ಹಾಲಿಗಿಂತ ಬಲ ಕೊಡೋದು ಭೂಮಿ ಮೇಲಿಲ್ಲ. ಹೆಂಗೂ ಹುಳಿ ಇದೆ, ಇದರ ಒಳಗಿರೋದೂ ಹುಳೀನೇ ಅಲ್ವಾ?"

ಇದರಲ್ಲಿ ಒಂದು ತರ್ಕವಿತ್ತು, ಅದೇ ಭಯಂಕರ. ಎಸೆನ್‌ಕುಲ್ ಸೌಟಿಗೆ ಕೈ ಚಾಚಿದ. ಕಾಲಿಚಾ ಬಂದು ಒಂದು ಬ್ಯಾಟರಿಯ ಮೇಲೆ ಕುಳಿತು, ಇನ್ನೊಂದರ ಮೇಲೆ ಎರಡೂ ಕಾಲು ಚಾಚಿದಳು.

"ನಾನು ಕಡೆದ ಕುಮಿಸ್ ಉಸಿರಾಡೋರಿಗೆ ಮಾತ್ರ," ಎಂದಳು. "ಒಂದು ಹನಿ ಇದರೊಳಗೆ ಬಿತ್ತೋ, ಅಜ್ಜ ಅಂತಲೂ ನೋಡಲ್ಲ."

ಅಜ್ಜ ಆ ಸೌಟನ್ನು ತಾವೇ ಕುಡಿದು ಬಾಯಿ ಒರೆಸಿಕೊಂಡರು.

ಆ ದಿನವೆಲ್ಲ ಅಳಿಯನ ಪುಟ್ಟ ಚಾರ್ಜರ್ ಕೆಲಸ ಮಾಡಿತು. ಬರೀ ನಾಲ್ಕು ಆಂಪಿಯರ್ ಕೊಡುವ ಸಾಧನ ಅದು. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಸಂಜೆ ಜನರೇಟರ್ ಹೊರಟುಹೋಯಿತು, ಕೆನೆ ಯಂತ್ರವನ್ನು ಚಾಲೂ ಮಾಡಿದರು, ಅದು ನಾಲ್ಕು ಸುತ್ತು ಸುತ್ತಿ 'ಸಾಕಪ್ಪ' ಎಂದು ಕೂತಿತು. ಕಾಲಿಚಾ ಮತ್ತೆ ಮೂಲೆಯ ಕಡೆ ನಡೆದಳು.

ಇಷ್ಟರಲ್ಲಿ ಸುದ್ದಿ ಸಮಿತಿಯ ಅಧ್ಯಕ್ಷ ಝಾನುಶ್‌ನ ಕಿವಿಗೆ ಬಿದ್ದಿತ್ತು. ಝಾನುಶ್ ಕೋಟಿನ ಜೇಬಿನಲ್ಲಿ ಸದಾ ಸಮಿತಿಯ ಮೊಹರು ಇಟ್ಟುಕೊಂಡು ತಿರುಗುವ ಮನುಷ್ಯ. ಒಮ್ಮೆ ಮದುವೆಯ ಊಟದಲ್ಲಿ ಮೈಮರೆತು ರೊಟ್ಟಿಗೂ ಮೊಹರು ಒತ್ತಿದ್ದ ಅನ್ನುತ್ತಾರೆ. ಮರುದಿನ ಅವನು ಜನರೇಟರನ್ನು ಪಾಳಿ ತಪ್ಪಿಸಿ ತಂದ. ಹಿಂದೆಯೇ ಲಾರಿ ಶೆಡ್ಡಿನಿಂದ ತಂದ ಇನ್ನೊಂದು ವಸ್ತು ಬಂತು. ಎರಡು ಚಕ್ರ, ಒಂದು ಹಿಡಿಕೆ, ಹೆಬ್ಬೆರಳು ದಪ್ಪದ ತಂತಿ. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಲಾರಿಗಳನ್ನು ಎಬ್ಬಿಸುವ ಚಾರ್ಜರ್.

"ಎಸೆನ್‌ಕುಲ್ ಅಣ್ಣ," ಎಂದ ಝಾನುಶ್, "ಸಮಿತಿ ನಿನ್ನ ಹಿಂದಿದೆ. ಇದು ನೂರು ಆಂಪಿಯರ್. ಮಧ್ಯಾಹ್ನದ ಊಟದೊಳಗೆ ಎರಡೂ ತುಂಬಿ ತುಳುಕ್ತವೆ."

"ಉಪವಾಸ ಇದ್ದ ಪ್ರಾಣಿಗೆ ಒಂದೇ ಸಲ ಅಷ್ಟು..." ಎಂದು ಬೈತುರ್ ಅಜ್ಜ ಶುರು ಮಾಡಿದರು. ಅಧ್ಯಕ್ಷ ಮಾತಾಡುವಾಗ ಅಡ್ಡ ಬರಬಾರದೆಂದು ಅವರನ್ನು ಕೂರಿಸಿದರು. ಇಡೀ ಪ್ರಕರಣದಲ್ಲಿ ಅಜ್ಜ ಆಡಿದ ಒಂದೇ ಒಂದು ಸರಿಯಾದ ಮಾತು ಹೀಗೆ ಅರ್ಧದಲ್ಲಿ ನಿಂತಿತು.

"ಸಿಗ್ನಲ್ ದಳದಲ್ಲಿ ಇಂಥದ್ದೇ ಇತ್ತು," ಎಂದ ಎಸೆನ್‌ಕುಲ್, ಮತ್ತು ಗುಂಡಿ ಒತ್ತಿದ.

ಮೊದಲು ಏನೂ ಆಗಲಿಲ್ಲ. ಆಮೇಲೆ ಬ್ಯಾಟರಿಯೊಳಗೆ ಅಡುಗೆ ಶುರುವಾಯಿತು, ಕೊತಕೊತ ಸದ್ದು ಬಂತು. ಗುಡಾರದ ತುಂಬ ಕೊಳೆತ ಮೊಟ್ಟೆಯ ನಾತ. ಬಾಗಿಲಲ್ಲಿ ಮಲಗಿದ್ದ ನಾಯಿ ಎದ್ದು, ಎಲ್ಲರ ಮುಖವನ್ನೂ ಒಮ್ಮೆ ನೋಡಿ ಹೊರಟುಹೋಯಿತು. ಎಲ್ಲರೂ ಬೈತುರ್ ಅಜ್ಜನನ್ನು ಅನುಮಾನದಿಂದ ನೋಡಿದರು.

"ನಾನಲ್ಲ," ಎಂದರು ಅಜ್ಜ.

"ಕುದಿ ಬಂದಿದೆ, ಅಂದ್ರೆ ತುಂಬ್ತಾ ಇದೆ," ಎಂದ ಝಾನುಶ್, ಒಂದು ಹೆಜ್ಜೆ ಹಿಂದಿಟ್ಟು. ಅಷ್ಟರಲ್ಲಿ ಒಂದು ಬ್ಯಾಟರಿಯ ಪಕ್ಕೆ ಮೆಲ್ಲಗೆ ಉಬ್ಬತೊಡಗಿತು. ಝಾನುಶ್ ಇನ್ನೂ ಎರಡು ಹೆಜ್ಜೆ ಹಿಂದಿಟ್ಟು ಬಾಗಿಲು ದಾಟಿದ. "ನಾನು ಹೇಳಿದ್ದು ಸಮಿತಿಯ ಅಭಿಪ್ರಾಯ ಅಲ್ಲ, ಸ್ವಂತ ಅಭಿಪ್ರಾಯ!" ಎಂದು ಹೊರಗಿನಿಂದ ಕೂಗಿದ. ಎಸೆನ್‌ಕುಲ್ ಆರಿಸುವ ಗುಂಡಿ ಎಲ್ಲಿದೆಯೆಂದು ಹುಡುಕುತ್ತಿದ್ದ. ಕಾಲಿಚಾ ಹಾಲಿನ ಕೊಡ ಕೆಳಗಿಟ್ಟು ಹೊರಗೆ ಹೋಗಿ ಜನರೇಟರಿನ ಕುತ್ತಿಗೆ ಹಿಸುಕಿದಳು. ಸದ್ದು ನಿಂತಿತು.

ಜನ ಒಬ್ಬೊಬ್ಬರೇ ಕರಗಿದರು. ಅವಳು ಬೈದಿದ್ದರೆ ಚೆನ್ನಾಗಿತ್ತು, ಬೈಯಲಿಲ್ಲ. ಬಾಗಿಲ ಕಂಬಳಿಯನ್ನು ಎತ್ತಿ ಕಟ್ಟಿ ಗಾಳಿ ಆಡಲು ಬಿಟ್ಟು, ತಣ್ಣಗೆ ಹೇಳಿದಳು:

"ಶುಕ್ರವಾರ ಸೈರಾ ಕಾರು ತರ್ತಾಳೆ. ನಿಮ್ಮ ಉಣ್ಣೆ ಕಾಲುಚೀಲ ಕೆಂಪು ಪೆಟ್ಟಿಗೇಲಿವೆ. ಬಿಳಿ ಹಸು ಎಡಗಡೆಯಿಂದ ಹೋದ್ರೆ ಒದೆಯುತ್ತೆ, ಬಲಗಡೆಯಿಂದ ಹೋಗಿ."

ಎಸೆನ್‌ಕುಲ್ ಆ ಸಂಜೆ ತೊರೆ ದಾಟಿ ನನ್ನ ಗುಡಾರಕ್ಕೆ ಬಂದ. ಟೋಪಿ ಕೈಯಲ್ಲಿತ್ತು.

"ಮೇಷ್ಟ್ರೇ, ಹೊರಟೇ ಬಿಡ್ತಾಳೆ."

"ಗೊತ್ತು."

"ಕಾಲುಚೀಲ ಎಲ್ಲಿದೆ ಅಂತಲೂ ಹೇಳಿದ್ಲು."

"ಹಾಗಾದ್ರೆ ಖಂಡಿತ ಹೋಗ್ತಾಳೆ," ಎಂದೆ. "ನಾಳೆ ಬೆಳಿಗ್ಗೆ ಪೇಟೆಗೆ ನಡಿ. ಆ ಅಂಗಡಿಯವಳ ಹತ್ರ ಹೋಗಿ ಕೂತ್ಕೋ. ಈ ಸಲ ಸಿಗ್ನಲ್ ಗಿಗ್ನಲ್ ಅನ್ನಬೇಡ."

ಕೊಚ್ಕೋರ್ ಪೇಟೆಯಲ್ಲಿ ಕುದುರೆ ಜೀನಿನ ಸಾಲಿನ ಕೊನೆಗೆ ಅವಳ ಅಂಗಡಿ. ಚಿನಾರಾ ಎಂದು ಹೆಸರು, ನಲವತ್ತು ದಾಟಿದ ಗಟ್ಟಿ ಹೆಂಗಸು. ಎಸೆನ್‌ಕುಲ್‌ನನ್ನು ಕಂಡ ಕೂಡಲೇ, "ಬನ್ನಿ ಸಿಗ್ನಲ್ ಅಣ್ಣ," ಎಂದಳು.

ಮೂರು ಚಾರ್ಜರ್ ತಂದು ಮೇಜಿನ ಮೇಲಿಟ್ಟಳು. "ನಿಮ್ಮದು ನೀರು ಹಾಕೋ ಬ್ಯಾಟರಿ, ಇನ್ನೂರು ಆಂಪಿಯರ್-ಗಂಟೆ. ಜನರೇಟರ್ ಎಷ್ಟು ಹೊತ್ತು ಸಿಗುತ್ತೆ?"

ಎಸೆನ್‌ಕುಲ್ ಪ್ರಶ್ನೆ ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಅವನ ಕೈ ತಾನಾಗಿ ಕುದುರೆ ಸಂತೆಯ ಕೆಲಸ ಶುರುಮಾಡಿತ್ತು. ಮೊದಲನೆಯದನ್ನು ಎತ್ತಿ ತೂಕ ನೋಡಿದ. ಎರಡನೆಯದರ ಪ್ಲಗ್ಗಿನ ಹಲ್ಲು ನೋಡಿದ. ಮೂರನೆಯದರ ತಂತಿಯನ್ನು ಬಾಲದಂತೆ ಎತ್ತಿ, ಹಿಂದಿನಿಂದ ಪರೀಕ್ಷಿಸಿ, "ಇದು ಕೊಡಿ, ಮೂರರಲ್ಲಿ ದೊಡ್ಡದು," ಎಂದ.

"ಅದು ಯಾಕೆ?"

"ನಾನು ಸಿಗ್..." ಎಂದ. ನಾನು ಅವನ ಕಾಲು ತುಳಿದೆ.

ಚಿನಾರಾ ಬ್ಯಾಟರಿಗಳ ಕಥೆ ಕೇಳಿದಳು. ನಾನೇ ಹೇಳಿದೆ: ಕೆಟಲು, ಉಪವಾಸ, ಮೇಲಕ್ಕೆ ಕಟ್ಟಿದ ತಂತಿ, ಲಾರಿ ಎಬ್ಬಿಸುವ ಯಂತ್ರ. ಉಪವಾಸದ ಹತ್ತಿರ ಬಂದಾಗ ಅವಳು ಸ್ಟೂಲಿನ ಮೇಲೆ ಕೂತಳು.

"ಖಾಲಿ ಹೊಟ್ಟೇಲಿ ಮೂರು ದಿನ ನಿಲ್ಲಿಸಿದ್ರಾ? ಖಾಲಿಯಾದ ದಿನವೇ ತುಂಬಬೇಕು ಅದಕ್ಕೆ! ಹಸಿದು ನಿಂತರೆ ಒಳಗಿನ ಸೀಸದ ಮೇಲೆ ಬಿಳಿ ಕಲ್ಲು ಕಟ್ಟುತ್ತೆ, ಆಮೇಲೆ ಏನು ಹಾಕಿದ್ರೂ ಮೈಗೆ ಹತ್ತಲ್ಲ. ಯಾರು ಹೇಳಿದ್ದು ಉಪವಾಸ ಹಾಕೋಕೆ?"

"ಎಲ್ಲರೂ," ಎಂದ ಎಸೆನ್‌ಕುಲ್.

ಚಿನಾರಾ ವೋಲ್ಟು ಆಂಪಿಯರ್ ಎಲ್ಲವನ್ನೂ ಪಕ್ಕಕ್ಕಿಟ್ಟಳು.

"ಅಣ್ಣ, ಉಪವಾಸ ಹಾಕೋದು ಯಾವ ಕುದುರೆಗೆ?"

"ರೇಸಿಂದಕ್ಕೆ."

"ಒಂದೇ ಉಸಿರಿಗೆ ಜಿಗಿದು ಓಡಿ ಮುಗಿಸೋದಕ್ಕೆ. ಅದು ಕಾರಿನ ಬ್ಯಾಟರಿ. ಈ ನಿಮ್ಮದು ಜಿಗಿಯುತ್ತಾ?"

ಎಸೆನ್‌ಕುಲ್ ಯೋಚಿಸಿದ. "ಇಲ್ಲ. ನಿಧಾನಕ್ಕೆ ದಿನಗಟ್ಟಲೆ ಎಳೆಯುತ್ತೆ."

"ನಿಧಾನಕ್ಕೆ ದಿನಗಟ್ಟಲೆ ಎಳೆಯೋ ಪ್ರಾಣಿ ಯಾವುದು?"

ಎಸೆನ್‌ಕುಲ್‌ನ ಮುಖ ನಿಧಾನವಾಗಿ ಬದಲಾಯಿತು. "ಎತ್ತು!" ಎಂದ. "ಅಯ್ಯೋ ದೇವರೇ. ಮೇಷ್ಟ್ರೇ, ಇದು ಎತ್ತು!"

ಎಂಟು ಗುಡಾರದ ಜನ, ಎಂಬತ್ತೆರಡು ವರ್ಷದ ಅನುಭವ, ಒಂದು ಸಮಿತಿ, ಒಬ್ಬ ಭೂಗೋಳದ ಮೇಷ್ಟ್ರು, ಇಷ್ಟೂ ಜನ ಸೇರಿ ಪ್ರಾಣಿಯನ್ನೇ ತಪ್ಪು ಗುರುತಿಸಿದ್ದೆವು.

"ಹಗಲೆಲ್ಲ ಹೊರೆ ಎಳೆದು ಬಂದ ಎತ್ತಿಗೆ ನೀವು ಹೇಗೆ ಮೇವು ಹಾಕ್ತೀರಿ?" ಎಂದಳು ಚಿನಾರಾ.

ಈಗ ಎಸೆನ್‌ಕುಲ್ ತನ್ನ ಸ್ವಂತ ನೆಲದ ಮೇಲೆ ನಿಂತಿದ್ದ. "ಬಂದ ಕೂಡಲೇ ಹಾಕ್ತೀನಿ. ಮೊದಲು ಹಸಿವು ಜಾಸ್ತಿ, ಒಂದೇ ಸಮನೆ ಹಾಕ್ತಾ ಇರ್ತೀನಿ, ಆದ್ರೆ ಅಗಿಯೋಕೆ ಆಗೋವಷ್ಟೇ. ರಾಶಿ ಸುರಿದ್ರೆ ಹೊಟ್ಟೆ ಉಬ್ಬರಿಸುತ್ತೆ. ಮುಕ್ಕಾಲು ತುಂಬಿದ ಮೇಲೆ ಕೈ ಬಿಗಿ ಮಾಡ್ತೀನಿ, ಸ್ವಲ್ಪ ಸ್ವಲ್ಪ. ಅದಕ್ಕೇ ಹೊತ್ತು ಹಿಡಿಯೋದು. ಪೂರ್ತಿ ತುಂಬಿದ ಮೇಲೆ ಮುಂದೆ ಒಂದು ಹಿಡಿ ಹುಲ್ಲು ಬಿಟ್ಟಿರ್ತೀನಿ, ಬಾಯಾಡಿಸೋಕೆ."

ಚಿನಾರಾ ನಡುವಿನ ಚಾರ್ಜರನ್ನು ಅವನ ಮುಂದೆ ತಳ್ಳಿದಳು.

"ಇದು ಅಷ್ಟನ್ನೇ ಮಾಡುತ್ತೆ, ತಾನಾಗಿ. ಇನ್ನೂರರಲ್ಲಿ ಹತ್ತನೇ ಒಂದು ಪಾಲು, ಇಪ್ಪತ್ತು ಆಂಪಿಯರ್. ಅಷ್ಟು ಅಗಿಯೋಕೆ ಆಗುತ್ತೆ ಅದಕ್ಕೆ. ಕೆಂಪು ದೀಪ ಇದ್ರೆ ಹಸಿದಿದೆ, ಹಳದಿ ಅಂದ್ರೆ ಕೈ ಬಿಗಿ ಮಾಡ್ತಿದೆ, ಹಸಿರು ಅಂದ್ರೆ ಬಾಯಾಡಿಸ್ತಿದೆ. ಇಲ್ಲೊಂದು ಗುಂಡಿ ಇದೆ, ನೀರಿನ ಬ್ಯಾಟರಿ ಅನ್ನೋ ಕಡೆ ಇಡಿ. ಒಂದು ದಿನಕ್ಕೆ ಒಂದೇ ಬ್ಯಾಟರಿ. ಬಾಗಿಲು ತೆರೆದಿರಲಿ, ಪಕ್ಕದಲ್ಲಿ ಬೆಂಕಿ ಬೇಡ. ತುಂಬಿದ ಮೇಲೆ ಈ ಶುದ್ಧ ನೀರು ಹಾಕಿ. ಕುಮಿಸ್ ನೀವೇ ಕುಡೀರಿ."

"ಕುಮಿಸ್ ಹಾಕಿಲ್ಲ," ಎಂದ ಎಸೆನ್‌ಕುಲ್ ಆತುರದಿಂದ. "ಅವಳು ಮೇಲೆ ಕೂತ್ಬಿಟ್ಲು."

"ನಿಮ್ಮ ಪುಣ್ಯ. ಬದುಕುತ್ತೆ ಅಂತ ಭಾಷೆ ಕೊಡಲಾರೆ ಅಣ್ಣ. ಉಬ್ಬಿರೋದನ್ನ ಮುಟ್ಟಲೇಬೇಡಿ, ಅದು ಹೋಯ್ತು. ಇನ್ನೊಂದನ್ನ ನೋಡಿ."

ಶುಕ್ರವಾರ ಬೆಳಿಗ್ಗೆ ಝಾನುಶ್ ಜನರೇಟರನ್ನು ತಾನೇ ತಳ್ಳಿಕೊಂಡು ಬಂದು, ಪಾಳಿ ತಪ್ಪಿಸಲು ಒಂದು ಚೀಟಿ ಬರೆದು, ಮೊಹರು ಒತ್ತಿ ಹೋದ. ಎಸೆನ್‌ಕುಲ್ ಉಬ್ಬಿದ ಬ್ಯಾಟರಿಯನ್ನು ಹೊರಗೆ ದೂರ ಇಟ್ಟು, ಉಳಿದದ್ದಕ್ಕೆ ಹೊಸ ಚಾರ್ಜರ್ ಸಿಕ್ಕಿಸಿ, ಅದರ ಮುಂದೆ ಚಕ್ಕಳಮಕ್ಕಳ ಹಾಕಿ ಕುಳಿತ. ಕೆಂಪು ದೀಪ ಹತ್ತಿತು. ಬೈತುರ್ ಅಜ್ಜ ಬಂದು ಬಾಯಿ ತೆರೆದರು.

"ಅಜ್ಜ, ಇದು ಎತ್ತು," ಎಂದ ಎಸೆನ್‌ಕುಲ್.

"ಮೊದಲೇ ಹೇಳಬಾರದಾ? ಎತ್ತಿನ ವಿಷಯ ನನಗೆ ಗೊತ್ತಿಲ್ಲಪ್ಪ," ಎಂದು ಅಜ್ಜ ಹೊರಟುಹೋದರು. ನಮ್ಮ ಹುಲ್ಲುಗಾವಲಿನ ಚರಿತ್ರೆಯಲ್ಲಿ ಅಂಥ ಮಾತು ಅದೇ ಮೊದಲು.

ಮಧ್ಯಾಹ್ನ ಸೈರಾಳ ಕಾರು ಧೂಳೆಬ್ಬಿಸಿಕೊಂಡು ಬಂತು. ದೀಪ ಇನ್ನೂ ಕೆಂಪು. ಸೈರಾ ಇಳಿದವಳೇ ಭಾವನ ಕಡೆ ತಿರುಗಿಯೂ ನೋಡದೆ, "ಗಂಟು ಎಲ್ಲಕ್ಕಾ?" ಎಂದಳು. ಗಂಟು ಬಾಗಿಲಲ್ಲೇ ಇತ್ತು. ಕಾಲಿಚಾ ಹೊರಡುವ ಉಡುಪಿನಲ್ಲಿದ್ದಳು. ತಲೆವಸ್ತ್ರವನ್ನು ನನ್ನ ಹೆಂಡತಿ ಕಟ್ಟಿಕೊಟ್ಟಿದ್ದಳು.

"ಸಂಜೆವರೆಗೂ ಇರು," ಎಂದ ಎಸೆನ್‌ಕುಲ್, ನೆಲ ನೋಡುತ್ತ.

"ಸಂಜೆಗೆ ಸರಿಹೋಗುತ್ತಾ?"

ನಾವೆಲ್ಲ ಕಾದೆವು. ಟೋಪಿಗೆ ಅವನ ಕೈ ಹೋಯಿತು. ಅರ್ಧದಲ್ಲೇ ಇಳಿಯಿತು.

"ಗೊತ್ತಿಲ್ಲ," ಎಂದ. "ಕಾಲಿಚಾ, ನನಗೆ ಏನೂ ಗೊತ್ತಿಲ್ಲ. ನಾನು ಸಿಗ್ನಲ್ ದಳದಲ್ಲಿದ್ದೆ, ಆದ್ರೆ ಅಡುಗೆಮನೇಲಿ. ಎರಡು ವರ್ಷ ಈರುಳ್ಳಿ ಹೆಚ್ಚಿದೆ. ರೇಡಿಯೋನ ದೂರದಿಂದ ನೋಡಿದ್ದೆ ಅಷ್ಟೇ."

ಸೈರಾ ಬಾಯಿಗೆ ತಲೆವಸ್ತ್ರದ ತುದಿ ಒತ್ತಿಕೊಂಡಳು. ನಾನು ಹೊರಗೆ ಹೋಗಬೇಕೆಂದುಕೊಂಡೆ, ಹೋಗಲಿಲ್ಲ.

"ನನಗೆ ಗೊತ್ತಿತ್ತು," ಎಂದಳು ಕಾಲಿಚಾ.

"ಯಾವಾಗಿಂದ?"

"ಮದುವೆಗೆ ಮುಂಚಿನಿಂದ. ನೀವು ಬರೀತಿದ್ದ ಕಾಗದ ಒಂದೊಂದೂ ಈರುಳ್ಳಿ ವಾಸನೆ ಹೊಡೀತಿತ್ತು. ನಮ್ಮಪ್ಪ ಹೇಳಿದ್ರು, ಈ ಹುಡುಗ ಸುಳ್ಳು ಬರೀತಾನೆ, ಆದ್ರೆ ಅಡುಗೆ ಮಾಡ್ತಾನೆ, ಕೊಟ್ಟುಬಿಡೋಣ ಅಂತ." ಅವಳು ಗಂಟಿನ ಮೇಲೆ ಕುಳಿತಳು. "ಸಂಜೆವರೆಗೂ ನೋಡ್ತೀನಿ. ಸೈರಾ, ಚಹಾ ಕುಡಿ."

ಸಂಜೆ ಹಸುಗಳು ಬರುವ ಹೊತ್ತಿಗೆ ದೀಪ ಹಳದಿಯಾಯಿತು. ಎಸೆನ್‌ಕುಲ್ ಅದನ್ನು ಯಾರಿಗೂ ಕೂಗಿ ಹೇಳಲಿಲ್ಲ, ಕಣ್ಣೊರೆಸಿಕೊಂಡ. ಹಾಲು ಕರೆದಾಯಿತು, ಯಂತ್ರಕ್ಕೆ ಸುರಿದರು, ಗುಂಡಿ ಒತ್ತಿದರು. ಯಂತ್ರ ಗುಂಯ್ ಎಂದಿತು, ಕೆನೆ ಹಳದಿ ದಾರವಾಗಿ ಇಳಿಯಿತು. ಕಾಲಿಚಾ ಎರಡು ಕೈಯನ್ನೂ ಮಡಿಲಲ್ಲಿಟ್ಟುಕೊಂಡು ನೋಡುತ್ತಿದ್ದಳು. ಮೂವತ್ತಾರು ವರ್ಷದಲ್ಲಿ ಹಾಲಿನ ಹೊತ್ತಿನಲ್ಲಿ ಅವಳ ಕೈ ಖಾಲಿಯಾಗಿದ್ದನ್ನು ನಾನು ಕಂಡಿರಲಿಲ್ಲ. ಸೈರಾ ಒಂದು ಡಬ್ಬಿ ಕೆನೆ ತೆಗೆದುಕೊಂಡು ಒಬ್ಬಳೇ ಕೆಳಗಿಳಿದಳು.

ಆದರೆ ಉಪವಾಸ ಸುಮ್ಮನೆ ಬಿಡುತ್ತದೆಯೇ? ಕೆಲವೇ ದಿನದಲ್ಲಿ ಲೆಕ್ಕ ತಿಳಿಯಿತು. ಉಳಿದ ಬ್ಯಾಟರಿಗೆ ಈಗ ಕಾಲು ಪ್ರಾಣ. ಪಾಳಿಯಿಂದ ಪಾಳಿಗೆ ಬೆಳಗಿನ ಹಾಲಿಗೆ ಮಾತ್ರ ಸಾಕು. ಸಂಜೆಯ ಹಾಲಿಗೆ? ಕಾಲಿಚಾ ಹಳೆಯ ಕೈಯಂತ್ರದ ಹಿಡಿಯನ್ನು ಒರೆಸಿ ಗಂಡನ ಕೈಗೆ ಕೊಟ್ಟಳು. ಅವನು ತೆಗೆದುಕೊಂಡ.

ಅವನು ಮೊದಲ ಬಾರಿ ತಿರುಗಿಸಿದ ಸಂಜೆ ಎಂಟು ಗುಡಾರದವರೂ ನೋಡಲು ಬಂದಿದ್ದರು. "ಬೆನ್ನು ನೆಟ್ಟಗೆ!" "ಉಸಿರು ಬಿಡು!" "ಸಮಿತಿ ನಿನ್ನ ಹಿಂದಿದೆ!" ಒಂದು ಗಂಟೆಯ ನಂತರ ಎಸೆನ್‌ಕುಲ್ ಕಂಬಳಿಯ ಮೇಲೆ ಉರುಳಿದ. ಅಂಗಿ ಬೆವರಿನಿಂದ ಅಂಟಿತ್ತು, ಭುಜ ಹಿಡಿದುಕೊಂಡು ನರಳುತ್ತಿದ್ದ.

"ಕಾಲಿಚಾ, ಒಂದು ಬಟ್ಟಲು ಚಹಾ. ಎರಡು ಬೋರ್ಸೋಕ್."

ಕಾಲಿಚಾ ಕೆಟಲಿನ ಮೇಲೆ ಕೈಯಿಟ್ಟುಕೊಂಡು ನಿಂತಳು. "ಬೆವೆತ ಪ್ರಾಣಿಗೆ ಒಡನೆ ಮೇವು ನೀರು ಕೊಡಬಾರದಂತೆ ಕಣ್ರೀ," ಎಂದಳು. "ಕಾಲು ಹಿಡ್ಕೊಳ್ಳುತ್ತಂತೆ. ತಲೆ ಎತ್ತಿ ಕಟ್ಟಬೇಕಂತೆ. ಅಲ್ವಾ ಬೈತುರ್ ಅಜ್ಜ?"

ಅಜ್ಜ ಗುಡಾರದ ಚಾವಣಿ ನೋಡತೊಡಗಿದರು. ಎಸೆನ್‌ಕುಲ್ ಮಲಗಿದಲ್ಲಿಂದಲೇ ಒಂದು ಕೈ ಎತ್ತಿದ.

"ನಾನು ರೇಸಿನ ಕುದುರೆ ಅಲ್ವೇ," ಎಂದ. "ನಾನು ಎತ್ತು."

ಕಾಲಿಚಾ ನಕ್ಕುಬಿಟ್ಟಳು. ಬಲಗೈಯಲ್ಲಿ ಕೆಟಲ್ ಎತ್ತಿ ಅವನ ಬಟ್ಟಲು ತುಂಬಿದಳು. ಕೆನೆಯನ್ನು ಎರಡು ಚಮಚ ಜಾಸ್ತಿಯೇ ಹಾಕಿದಳು.